ಕಂದು ಕಡಲಕಳೆಯಿಂದ ಆಲ್ಜಿನ್ ತೆಗೆಯುವ ಬಗೆ



ಬಟ್ಟೆಯ ಮೇಲೆ ಅಚ್ಚೊತ್ತಿದ ಬಣ್ಣ ಹರಡದಂತೆ ತಡೆಯಲು, ಐಸ್‌ಕ್ರೀಮಿಗೆ ನುಣುಪು ಕೊಡಲು, ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಳಸುವ ಅಂಟು ಪದಾರ್ಥವೊಂದು ಕಡಲಕಳೆಯಿಂದ ಬರುತ್ತದೆ. ಅದೇ ಆಲ್ಜಿನ್. 1881ರಲ್ಲಿ ಸ್ಟ್ಯಾನ್‌ಫರ್ಡ್ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿ ಇದನ್ನು ಬೆಳಕಿಗೆ ತಂದರು. ಭಾರತದಲ್ಲಿ ಇದಕ್ಕೆ ಬೇಕಾದ ಸರ್ಗಾಸಮ್ ಮತ್ತು ಟರ್ಬಿನೇರಿಯ ಎಂಬ ಕಂದು ಕಳೆಗಳು ಮುಖ್ಯವಾಗಿ ತಮಿಳುನಾಡಿನ ಮಂಡಪಂ, ರಾಮೇಶ್ವರ ಕಡೆಯ ತೀರದಿಂದ ಬರುತ್ತವೆ.

ಕಳೆಯ ಕೋಶಗಳ ಗೋಡೆಯಲ್ಲಿ ಆಲ್ಜಿನಿಕ್ ಆಮ್ಲವು ಸುಣ್ಣದಂಶ ಮುಂತಾದವುಗಳೊಡನೆ ಕೂಡಿಕೊಂಡು, ನೀರಿನಲ್ಲಿ ಕರಗದ ರೂಪದಲ್ಲಿರುತ್ತದೆ. ಅದನ್ನು ಕರಗಿಸಿ, ಕಸ ಬೇರ್ಪಡಿಸಿ, ಮತ್ತೆ ಕರಗದಂತೆ ಮಾಡಿ ಹಿಡಿಯುವುದೇ ಇಡೀ ಕೆಲಸದ ಗುಟ್ಟು. ಉಪ್ಪು, ಮರಳು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ಚೂರು ಮಾಡಿದ ಕಳೆಯನ್ನು ಮೊದಲು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿದರೆ ಸುಣ್ಣದಂಶ ಬಿಟ್ಟುಕೊಳ್ಳುತ್ತದೆ. ಅನಂತರ ವಾಷಿಂಗ್ ಸೋಡದ ನೀರಿನಲ್ಲಿ ಹದವಾಗಿ ಬಿಸಿಮಾಡಿದರೆ ಸೋಡಿಯಂ ಆಲ್ಜಿನೇಟ್ ಆಗಿ ಕರಗಿ, ಲೋಳೆಸರದ ತಿರುಳಿನಂಥ ಮಂದ ರಸ ದೊರೆಯುತ್ತದೆ. ಸೋಸುವುದೇ ಕಷ್ಟದ ಹಂತ. ಧಾರಾಳವಾಗಿ ನೀರು ಬೆರೆಸದಿದ್ದರೆ ಸೋಸುವ ಬಟ್ಟೆ ಕಟ್ಟಿಕೊಂಡು ಒಂದು ತೊಟ್ಟೂ ಇಳಿಯದು. ಉಪ್ಪುನೀರಿನ ತೀರದಲ್ಲಿ ಅಷ್ಟು ಸಿಹಿನೀರು ಎಲ್ಲಿಂದ ಬರಬೇಕೆಂಬುದನ್ನು ಘಟಕ ಹೂಡುವವರು ಮೊದಲೇ ಲೆಕ್ಕ ಹಾಕಬೇಕು. ಸೋಸಿದ ರಸವನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸುರಿದೊಡನೆ ನಾರಿನಂತೆ ಗಟ್ಟಿಯಾಗುತ್ತದೆ. ಈ ನಾರನ್ನು ಆಮ್ಲದಲ್ಲಿ ತೊಳೆದು, ಹಿಂಡಿ, ಸೋಡ ಹಾಕಿ ನಾದಿ, ಒಣಗಿಸಿ ಪುಡಿಮಾಡಿದರೆ ಮಾರಾಟದ ಸೋಡಿಯಂ ಆಲ್ಜಿನೇಟ್ ಸಿದ್ಧ.

ಹೆಚ್ಚು ಅಂಟು ಇಳಿದೀತೆಂದು ಕುದಿಸುತ್ತಲೇ ಇದ್ದರೆ ಅದರ ಎಳೆಗಳು ತುಂಡಾಗಿ ರಸ ತೆಳುವಾಗುತ್ತದೆ. ದಡದಲ್ಲಿ ಒದ್ದೆಯಾಗಿಯೇ ರಾಶಿ ಹಾಕಿ ಕೊಳೆಯಿಸಿದ ಕಳೆಯಿಂದಲೂ ಒಳ್ಳೆಯ ಅಂಟು ಬಾರದು.

ಇದಕ್ಕಿಂತ ಮುಖ್ಯವಾದದ್ದು ಕೊಯ್ಲು. ಕಡಲಕಳೆಗೆ ಬೇರಿಲ್ಲ, ಬಂಡೆಗೆ ಕಚ್ಚಿಕೊಂಡ ಬುಡವಷ್ಟೇ ಇದೆ. ಬುಡ ಉಳಿಸಿ ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಬುಡಸಮೇತ ಕಿತ್ತರೆ ಆ ಗಿಡ ಹೋದಂತೆಯೇ. ಮನ್ನಾರ್ ಕೊಲ್ಲಿಯ ದ್ವೀಪಗಳು 1986ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಮೇಲೆ ಅಲ್ಲಿ ಕಳೆ ಕೀಳುವುದಕ್ಕೆ ನಿರ್ಬಂಧ ಬಂದಿತು. ಮುಳುಗಿ ಕಳೆ ತೆಗೆದು ಸಂಸಾರ ನಡೆಸುವ ಮೀನುಗಾರ ಹೆಂಗಸರಿಗೆ ಇದರಿಂದ ಬಹಳ ತೊಂದರೆಯಾಯಿತು. ಅವರಲ್ಲಿ ಅನೇಕರು ತಾವಾಗಿಯೇ ತಿಂಗಳಿಗೆ 12 ದಿನ ಮಾತ್ರ ಕಳೆ ತೆಗೆಯುವ ಕಟ್ಟುಪಾಡು ಮಾಡಿಕೊಂಡರು. ಕಾಡು ಕಾಯಲು ಊರಿನವರನ್ನು ಕೇಳಬೇಕೆಂಬ ಮಾತು ಕಡಲಿಗೂ ಸಲ್ಲುತ್ತದೆ.

ಕಾರವಾರದ ಬಂಡೆಗಳ ಮೇಲೂ ಸರ್ಗಾಸಮ್ ಕಾಣಸಿಗುತ್ತದೆ. ಅದನ್ನು ನಂಬಿ ಕಾರ್ಖಾನೆ ಹೂಡುವುದು ಜಾಣತನವಲ್ಲ. ಅಲೆಗಳು ದಡಕ್ಕೆ ತಂದು ಹಾಕಿದ ಕಳೆಯನ್ನು ಮಾತ್ರ ಆರಿಸಿ, ಉಪ್ಪು ಹೋಗುವಂತೆ ತೊಳೆದು, ಕೊಳೆಯಿಸಿ ತೆಂಗಿನ ಬುಡಕ್ಕೆ ಹಾಕಬಹುದು.