ತಂಪಿನ ಲೆಕ್ಕ ಗೋಡೆಯಲ್ಲೇ ಶುರು



ನವಿ ಮುಂಬೈಯ ಬೇಲಾಪುರದ ಈ ವಸ್ತುಪ್ರದರ್ಶನದ ಉದ್ಘಾಟನೆಗೆ ದೀಪ ಬೆಳಗಿಸುವಾಗ ಬತ್ತಿ ಆರದಿರಲೆಂದು ವೇದಿಕೆಯ ಫ್ಯಾನ್ ನಿಲ್ಲಿಸಿದರು. ಅರ್ಧ ನಿಮಿಷವೂ ಆಗಿರಲಿಲ್ಲ, ಸಭೆಯಲ್ಲಿ ಎಲ್ಲರ ಕೈಗೂ ಕರವಸ್ತ್ರ ಬಂದಿತ್ತು. ಮನೆಯನ್ನು ತಂಪಾಗಿಡುವ ಸಾಮಗ್ರಿಗಳ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನ್ನಿಂದ ಸಾಧ್ಯವಿಲ್ಲ. ಹಾಗಾಗಿ ನೇರವಾಗಿ ಲೆಕ್ಕಕ್ಕೇ ಬರುತ್ತೇನೆ.

ಒಂದು ಊರಿಗೆ ಎಷ್ಟು ತಂಪು ಬೇಕೆಂದು ಅಳೆಯಲು ಇಂಜಿನಿಯರುಗಳು ಬಳಸುವ ಸುಲಭದ ಲೆಕ್ಕವೊಂದಿದೆ. ದಿನದ ಸರಾಸರಿ ಉಷ್ಣಾಂಶ 18 ಡಿಗ್ರಿಯನ್ನು ಎಷ್ಟು ಮೀರಿತು ಎಂದು ನೋಡಿ, ಅದನ್ನು ವರ್ಷವಿಡೀ ಕೂಡಿಸುತ್ತ ಹೋಗುವುದು. ಮುಂಬೈ ಸುತ್ತಿನ ವರ್ಷದ ಸರಾಸರಿ ಸುಮಾರು 27 ಡಿಗ್ರಿ. ಒಂಬತ್ತನ್ನು 365ರಿಂದ ಗುಣಿಸಿ, ಮೂರು ಸಾವಿರ ದಾಟುತ್ತದೆ. ಜನ ಎಲ್ಲೆಲ್ಲಿ ಹೆಚ್ಚಾಗಿ ವಾಸಿಸುತ್ತಾರೆ ಎಂಬುದನ್ನು ಗಣನೆಗೆ ತೆಗೆದುಕೊಂಡು ಅಮೆರಿಕಕ್ಕೆ ಇದೇ ಲೆಕ್ಕ ಹಾಕಿದರೆ, ಇಡೀ ದೇಶದ ಸರಾಸರಿ ಸಾವಿರವನ್ನೂ ಮುಟ್ಟುವುದಿಲ್ಲ.

ಸೆಕೆಯೊಂದೇ ಕಾರಣವಾಗಿದ್ದರೆ ಏಸಿ ನಮ್ಮಲ್ಲೇ ಹೆಚ್ಚಿರಬೇಕಿತ್ತು. ಆದರೆ 2020ರ ಸಮೀಕ್ಷೆಯಂತೆ ಅಮೆರಿಕದ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಏಸಿ ಇತ್ತು. ನಮ್ಮ ಕೇಂದ್ರ ಸರ್ಕಾರ 2019ರ ಮಾರ್ಚ್‌ನಲ್ಲಿ ಹೊರತಂದ ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್ ಪ್ರಕಾರ ಭಾರತದಲ್ಲಿ ನೂರಕ್ಕೆ ಎಂಟು ಮನೆಗಳಲ್ಲಿ ಮಾತ್ರ. ಅವರ ಕೈಯಲ್ಲಿ ದುಡ್ಡಿದೆ, ನಮ್ಮಲ್ಲಿಲ್ಲ ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ಅದು ಅರ್ಧ ಉತ್ತರ ಮಾತ್ರ.

ಉಳಿದರ್ಧ ಅಮೆರಿಕದ ಚರಿತ್ರೆಯಲ್ಲಿದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಯುವ ಇಂಜಿನಿಯರ್ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ತನ್ನ ಮೊದಲ ಯಂತ್ರವನ್ನು ರೂಪಿಸಿದ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ಯಂತ್ರ ಬಂದದ್ದು ಕಾಗದದ ಕ್ಷೇಮಕ್ಕೆ, ಮನುಷ್ಯರ ಸುಖಕ್ಕಲ್ಲ. ಆಮೇಲೆ ಸಿನಿಮಾ ಮಂದಿರ, ಅಂಗಡಿ, ಕಚೇರಿ, ಹೀಗೆ ಅದು ಮನೆಯ ಬಾಗಿಲಿಗೆ ಬರಲು ಅರ್ಧ ಶತಮಾನ ಹಿಡಿಯಿತು. 1960ರ ಜನಗಣತಿಯಲ್ಲಿ ಅಮೆರಿಕದ ನೂರಕ್ಕೆ ಹನ್ನೆರಡು ಮನೆಗಳಲ್ಲಷ್ಟೇ ಏಸಿ ಇತ್ತು. 1980ರ ಹೊತ್ತಿಗೆ ಅದು ಅರ್ಧ ದಾಟಿತು.

ಆ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಸೂರ್ಯನೇನೂ ಬದಲಾಗಲಿಲ್ಲ, ಮನೆಗಳು ಬದಲಾದವು. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳಿಗೆ ಅಗಲವಾದ ಜಗಲಿ, ಎತ್ತರದ ಸೂರು, ಬಾಗಿಲ ಮೇಲೆ ಗಾಳಿಕಿಂಡಿ ಇರುತ್ತಿದ್ದವು. ಎರಡನೇ ಮಹಾಯುದ್ಧದ ನಂತರ ಸಾಲುಸಾಲಾಗಿ, ಅವಸರದಲ್ಲಿ ಎದ್ದ ಬಡಾವಣೆಗಳಲ್ಲಿ ಸೂರು ತಗ್ಗಿತು, ಗೋಡೆ ತೆಳುವಾಯಿತು, ಗಾಜು ದೊಡ್ಡದಾಯಿತು, ಜಗಲಿ ಮಾಯವಾಯಿತು. ಏಸಿ ಇದೆಯಲ್ಲ ಎಂಬ ಧೈರ್ಯದಿಂದ ಕಟ್ಟಿದ ಮನೆಗೆ ಏಸಿ ಇಲ್ಲದೆ ಗತಿಯಿಲ್ಲ. ಅನುಕೂಲವೆಂದು ಒಳಗೆ ಬಂದದ್ದು ಹೀಗೆ ಅನಿವಾರ್ಯವಾಯಿತು. ಹ್ಯೂಸ್ಟನ್, ಫೀನಿಕ್ಸ್‌ನಂಥ ನಗರಗಳು ಇದೇ ನೆಚ್ಚಿಗೆಯ ಮೇಲೆ ಬೆಳೆದವು.

ಏಸಿಯ ಲೆಕ್ಕದಲ್ಲಿ ನಾವು ಮೊನ್ನೆ ಮೊನ್ನೆವರೆಗೆ 1960ರ ಅಮೆರಿಕಕ್ಕಿಂತ ಹಿಂದಿದ್ದೆವು. ಇದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಅವರು ಕಟ್ಟಿ ಮುಗಿಸಿದ್ದಾರೆ, ನಾವು ಇನ್ನೂ ಕಟ್ಟುತ್ತಿದ್ದೇವೆ. ಅದೇ ಸರ್ಕಾರಿ ಯೋಜನೆಯ ಅಂದಾಜಿನಂತೆ 2037-38ರ ಹೊತ್ತಿಗೆ ನೂರಕ್ಕೆ ನಲವತ್ತು ಮನೆಗಳಲ್ಲಿ ಏಸಿ ಇರುತ್ತದೆ. ಕಟ್ಟಡಗಳ ತಂಪಿನ ಬೇಡಿಕೆ ಇಪ್ಪತ್ತು ವರ್ಷಗಳಲ್ಲಿ ಸುಮಾರು ಹನ್ನೊಂದು ಪಟ್ಟಾಗುತ್ತದೆ. ಇಂದಿನ ಸುಮಾರು 30 ಕೋಟಿ ಮನೆಗಳ ಲೆಕ್ಕ ಹಿಡಿದರೂ ನಲವತ್ತು ಶೇಕಡಾ ಎಂದರೆ 12 ಕೋಟಿ ಮನೆ. ಅಮೆರಿಕದಲ್ಲಿ ಇರುವ ಒಟ್ಟು ಮನೆಗಳೂ ಹೆಚ್ಚುಕಡಿಮೆ ಅಷ್ಟೇ. ಮೇಲಾಗಿ ಮಲಗುವ ಕೋಣೆಯ ಏಸಿ ಓಡುವುದು ರಾತ್ರಿ, ಸೌರ ವಿದ್ಯುತ್ ಸಿಗುವುದು ಹಗಲು.

ಹಾಗೆಂದು ಏಸಿ ಹಾಕಿಸಬೇಡಿ ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. 2023ರ ಏಪ್ರಿಲ್‌ನಲ್ಲಿ ಇಲ್ಲೇ ಪಕ್ಕದ ಖಾರ್‌ಘರ್‌ನ ಬಯಲಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲಿನ ಹೊಡೆತಕ್ಕೆ ಸತ್ತರು. ತಂಪು ಷೋಕಿಯಲ್ಲ ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಡ. ಇಲ್ಲಿ ಏಳುತ್ತಿರುವ ಟವರುಗಳಿಗೆ ಇಟ್ಟಿಗೆ ಹೊರಲು ಕಲಬುರಗಿ, ಯಾದಗಿರಿ ಕಡೆಯಿಂದಲೂ ನಮ್ಮವರು ಬರುತ್ತಾರೆ. ಊರಲ್ಲಿ ದಪ್ಪ ಮಣ್ಣಿನ ಮಾಳಿಗೆ, ಬೆಳಕಿಂಡಿಯ ಮನೆಯಲ್ಲಿ ಮಲಗಿದವರು ಇಲ್ಲಿ ಪತ್ರಾಸಿನ ಶೆಡ್ಡಿನಲ್ಲಿ ಬೇಯುತ್ತಾರೆ. ತಂಪಿನ ಲೆಕ್ಕ ಹಾಕುವಾಗ ಮೊದಲು ಬರೆಯಬೇಕಾದ ಹೆಸರು ಅವರದು.

ಇನ್ನು ನಮ್ಮ ಬೇಲಾಪುರಕ್ಕೆ ಬರೋಣ. ನವಿ ಮುಂಬೈಯನ್ನು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ ಹುಟ್ಟಿದ್ದು 1970ರಲ್ಲಿ. ಆ ನಗರದ ಕನಸು ಕಂಡವರಲ್ಲಿ ಒಬ್ಬರಾದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಎಂಬತ್ತರ ದಶಕದಲ್ಲಿ ಇಲ್ಲಿ ಆರ್ಟಿಸ್ಟ್ಸ್ ವಿಲೇಜ್ ಕಟ್ಟಿದರು. ಏಳೇಳು ಮನೆಗಳ ನಡುವೆ ಒಂದು ಅಂಗಳ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ಅಂಟುವುದಿಲ್ಲವಾದ್ದರಿಂದ ಗಾಳಿ ಸುತ್ತಾಡುತ್ತದೆ. ಮೇಲೆ ಹೆಂಚಿನ ಇಳಿಜಾರು ಮಾಡು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕರಾವಳಿಯ ಮನೆಗಳು ನೆಚ್ಚಿಕೊಂಡು ಬಂದದ್ದೂ ಇಂಥದೇ ಮಾಡನ್ನು. ಮೇಲೇರಿದ ಬಿಸಿಗಾಳಿ ಹೆಂಚಿನ ಸಂದಿಯಿಂದ ತಾನಾಗಿ ಹೊರಹೋಗುತ್ತದೆ. ಅದೇ ಬೇಲಾಪುರದ ವಾಣಿಜ್ಯ ಕೇಂದ್ರವಾದ ಸಿಬಿಡಿಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಗಾಜಿನ ಕಚೇರಿಗಳೂ ಇವೆ. ಹವೆ ಒಂದೇ, ಬಿಸಿಲು ಒಂದೇ, ಲೈಟ್ ಬಿಲ್ ಮಾತ್ರ ಬೇರೆ. ಎರಡು ದೇಶಗಳ ಹೋಲಿಕೆಗೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಒಂದು ರಿಕ್ಷಾ ಹಿಡಿದರೆ ಸಾಕು.

ಇದು ಹಳೆಯದರ ಹಂಬಲವಲ್ಲ.  ಕೊಂಕಣ ರೈಲ್ವೆಯ ಗಾಡಿ ಹತ್ತಿ ಕರಾವಳಿಯ ಊರಿಗೆ ಹೋದರೆ ಅಲ್ಲೂ ಹೆಂಚು ಇಳಿದು ತಾರಸಿ ಏರಿರುವುದು, ತಾರಸಿಯ ಹಿಂದೆಯೇ ಏಸಿ ಬಂದಿರುವುದು ಕಾಣುತ್ತದೆ. ಆರ್ಟಿಸ್ಟ್ಸ್ ವಿಲೇಜ್‌ನಲ್ಲೂ ಎಷ್ಟೋ ಮನೆಗಳು ಕಾಂಕ್ರೀಟಿನ ಮಹಡಿಗಳಾಗಿವೆ. ಇಪ್ಪತ್ತು ಮಹಡಿಯ ಟವರಿಗೆ ಹೆಂಚು ಹೊದಿಸಲು ಬರುವುದಿಲ್ಲ. ಆದರೆ ಅದರ ಹಿಂದಿನ ಬುದ್ಧಿಯನ್ನು ಟವರಿಗೂ ತರಬಹುದು. ಬಿಸಿಲು ಗೋಡೆ ಮುಟ್ಟುವ ಮುಂಚೆಯೇ ಅದನ್ನು ತಡೆಯಬೇಕು, ಗಾಳಿಯನ್ನು ಮಾತ್ರ ಒಳಗೆ ಬಿಡಬೇಕು. ನಮ್ಮಲ್ಲಿ ಮಧ್ಯಾಹ್ನದ ಬಿಸಿಲೂ ಪಡುವಣದಿಂದ, ಕಡಲ ಖಾಡಿಯ ಗಾಳಿಯೂ ಪಡುವಣದಿಂದ. ಆದ್ದರಿಂದ ಆ ಕಡೆಯ ಕಿಟಕಿಗೆ ಆಳವಾದ ಸಜ್ಜಾ ಬೇಕು. ಗಾಜಿನ ಒಳಗೆ ಪರದೆ ಎಳೆಯುವುದು ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿದಂತೆ.

ಇದಕ್ಕೆಲ್ಲ ನಿಯಮಗಳೂ ಇವೆ. ವಾಣಿಜ್ಯ ಕಟ್ಟಡಗಳಿಗೆ 2007ರಿಂದ ಇಂಧನ ಮಿತವ್ಯಯದ ಸಂಹಿತೆ ಇದೆ. ಮನೆಗಳಿಗಾಗಿ 2018ರಲ್ಲಿ ಇಕೋ ನಿವಾಸ್ ಸಂಹಿತೆ ಬಂತು. 2020ರ ಜನವರಿಯಿಂದ ಕೋಣೆಯ ಏಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ಆದೇಶವಿದೆ. ಒಂದು ಡಿಗ್ರಿ ಏರಿಸಿದರೆ ಶೇಕಡಾ ಆರರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ. ಹಳೆಯ ಸೀಲಿಂಗ್ ಫ್ಯಾನ್ ಎಪ್ಪತ್ತೈದು ವ್ಯಾಟ್ ತಿಂದರೆ, ಈ ಮಳಿಗೆಗಳಲ್ಲಿರುವ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಅದರ ಅರ್ಧವನ್ನೂ ಕೇಳುವುದಿಲ್ಲ.

ನವಿ ಮುಂಬೈಯ ಹಳೆಯ ಸೊಸೈಟಿಗಳಲ್ಲಿ ಈಗ ರಿಡೆವಲಪ್‌ಮೆಂಟ್ ಮಾತೇ ಮಾತು. ಎಷ್ಟು ಚದರಡಿ ಹೆಚ್ಚು ಸಿಗುತ್ತದೆ, ಪಾರ್ಕಿಂಗ್ ಎಷ್ಟು ಎಂದು ಎಲ್ಲರೂ ಕೇಳುತ್ತೀರಿ, ಕೇಳಲೇಬೇಕು. ಇನ್ನು ಮೇಲೆ ಬಿಲ್ಡರನಿಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಪಡುವಣದ ಕಿಟಕಿಗೆ ನೆರಳು ಎಷ್ಟು? ಏಸಿ ಇಲ್ಲದೆ ಒಂದು ರಾತ್ರಿ ಮಲಗಲು ಕೋಣೆಯಲ್ಲಿ ಎದುರುಬದುರು ಗಾಳಿ ಆಡುತ್ತದೆಯೇ? ಮೇಲಿನ ತಾರಸಿಗೆ ಬಿಸಿಲನ್ನು ಮರಳಿ ಕಳಿಸುವ ಬಿಳಿ ಹೊದಿಕೆ ಇದೆಯೇ? ಉತ್ತರಗಳನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಕಟ್ಟಡ ಎದ್ದ ಮೇಲೆ ಈ ಪ್ರಶ್ನೆಗಳಿಗೆ ಬೆಲೆಯಿಲ್ಲ. ಆಮೇಲೆ ಐವತ್ತು ವರ್ಷ ಕಟ್ಟಬೇಕಾದದ್ದು ಬಿಲ್ ಮಾತ್ರ.

ಮಳಿಗೆಯವರಲ್ಲೂ ಒಂದು ಮನವಿ. ಬಂದವರಿಗೆ ಮೊದಲು ನೆರಳು ಮಾರಿ, ಆಮೇಲೆ ಫ್ಯಾನ್, ಕೊನೆಗೆ ಏಸಿ. ಆ ಕ್ರಮದಲ್ಲಿ ಕೊಂಡವರಿಗೆ ಚಿಕ್ಕ ಏಸಿಯೇ ಸಾಕಾಗುತ್ತದೆ.

ಈ ವಸ್ತುಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಎಲ್ಲ ಮಳಿಗೆಗಳಿಗೂ ಹೋಗಿ, ಚೌಕಾಸಿ ಮಾಡಿ, ಪ್ರಶ್ನೆ ಕೇಳಿ.