ಸೀಸೆಯ ಮೇಲಿನ ದಿನಾಂಕ: ಗರ್ಭಕಂಠದ ಕ್ಯಾನ್ಸರ್ ಮತ್ತು ಅವಧಿ ಮೀರಿದ ಲಸಿಕೆ

(ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ನೀಡಿದ ಉಪನ್ಯಾಸದ ಬರಹರೂಪ)



ಚೀಟಿ ಹಿಡಿದು ಸರದಿ ಕಾಯುತ್ತಿರುವ ತಾಯಂದಿರೇ, ಅವರೊಡನೆ ಬಂದಿರುವ ಬಂಧುಗಳೇ, ತಮ್ಮ ಹೆಸರು ಕರೆಯುವಷ್ಟರಲ್ಲಿ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಗಂಡಸರು ಎದ್ದು ಹೋಗಬೇಕಾಗಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿರುವವರೆಲ್ಲ ಕೇಳಬೇಕಾದ ಮಾತು ಇದು.

ಕಳೆದ ಮಳೆಗಾಲದಲ್ಲಿ, ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯೊಬ್ಬರು ಹದಿಮೂರು ವರ್ಷದ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. ಸ್ವಸಹಾಯ ಸಂಘದಲ್ಲಿ ಉಳಿಸಿದ ಹಣದಿಂದ ಬೇರೊಂದು ಕಡೆ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಿದ್ದರು. ಮನೆಗೆ ಹೋಗಿ ನೋಡಿದರೆ, ಕಾರ್ಡಿಗೆ ಅಂಟಿಸಿದ್ದ ಚೀಟಿಯ ಪ್ರಕಾರ ಲಸಿಕೆಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅದನ್ನು ಓದಿ ಹೇಳಿದವಳು ಮಗಳೇ. “ಡಾಕ್ಟ್ರೇ, ದುಡ್ಡು ಕೊಟ್ಟು ವಿಷ ಹಾಕಿಸಿದ ಹಾಗೆ ಆಯ್ತಲ್ಲ. ಇವಳಿಗೆ ಅದೇ ಕಾಯಿಲೆ ಬಂದ್ರೆ ಎಂತ ಮಾಡುದು?” ಎಂದು ಅತ್ತುಬಿಟ್ಟರು.

ಅವರಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ. ಈ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ಎಂಬ ವೈರಸ್. ಅದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಲಸಿಕೆಯಲ್ಲಿ ಇರುವುದು ಆ ವೈರಸ್ಸಿನ ಹೊರಗವಚವನ್ನು ಹೋಲುವ ಪ್ರೋಟೀನ್ ಮಾತ್ರ. ಒಳಗೆ ಜೀವವಿಲ್ಲ, ತೆಂಗಿನ ಬರಿಯ ಕರಟ ಇದ್ದ ಹಾಗೆ. ಕರಟ ಹೂತರೆ ಸಸಿ ಏಳುವುದಿಲ್ಲ. ಆದ್ದರಿಂದ ಅವಧಿ ಮುಗಿದ ಲಸಿಕೆಯಿಂದ ಕ್ಯಾನ್ಸರ್ ಬರುವುದಿಲ್ಲ. ಅದು ವಿಷವಾಗಿಯೂ ಬದಲಾಗುವುದಿಲ್ಲ.

ಹಾಗಾದರೆ ತೊಂದರೆ ಏನು? ಶಕ್ತಿ ಎಷ್ಟು ಉಳಿದಿದೆ ಎಂಬುದಕ್ಕೆ ಖಾತ್ರಿ ಇರುವುದಿಲ್ಲ. ಅವಧಿ ಮುಗಿದ ಕೆಮ್ಮಿನ ಔಷಧಿ ಕುಡಿದರೆ ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ, ಕೆಮ್ಮು ನಿಲ್ಲುವುದಿಲ್ಲ. ಈ ಲಸಿಕೆಯಲ್ಲಿ ಹಾಗಲ್ಲ. ವೈರಸ್ ಸೇರಿದ ಮೇಲೆ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15-20 ವರ್ಷ ಬೇಕು. ಇಂದು ಹಾಕಿದ ಲಸಿಕೆ ಕೆಲಸ ಮಾಡಲಿಲ್ಲ ಎಂದು ತಿಳಿಯುವ ಹೊತ್ತಿಗೆ ಆ ಹುಡುಗಿಗೇ ಮಕ್ಕಳಿರುತ್ತಾರೆ. ಅಲ್ಲಿಯವರೆಗೂ ಮನೆಯವರು, ನಮಗೆ ರಕ್ಷಣೆ ಇದೆ ಎಂದೇ ನಂಬಿರುತ್ತಾರೆ. ನನಗೆ ಹೆದರಿಕೆ ಇರುವುದು ಈ ಸುಳ್ಳು ಧೈರ್ಯದ ಬಗ್ಗೆ.

ಆದ್ದರಿಂದ ಸೂಜಿ ಚುಚ್ಚುವ ಮೊದಲು ಸೀಸೆ ತೋರಿಸಿ ಎಂದು ಕೇಳಿ. ಸಂಕೋಚ ಬೇಡ, ಇದು ತಮ್ಮ ಹಕ್ಕು. ಇ, ಎಕ್ಸ್, ಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ತಿಂಗಳು, ವರ್ಷ ಇರುತ್ತದೆ. ದಿನ ಬರೆಯದೆ ತಿಂಗಳು ಮಾತ್ರ ಇದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಓದು ಬಾರದವರು ಮಕ್ಕಳಿಂದ ಓದಿಸಿ. ಬ್ಯಾಚ್ ನಂಬರನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಹಳೆಯ ದಿನಾಂಕ ಕಂಡ ಮಾತ್ರಕ್ಕೆ ಮೋಸ ಎಂದು ಜಗಳಕ್ಕೆ ನಿಲ್ಲಬೇಡಿ. ಜನವರಿ 2022ರಲ್ಲಿ 15ರಿಂದ 18 ವರ್ಷದ ಮಕ್ಕಳಿಗೆ ಕೋವಿಡ್ ಲಸಿಕೆ ಆರಂಭವಾದಾಗ ಅವಧಿ ಮುಗಿದ ಲಸಿಕೆ ಹಾಕುತ್ತಿದ್ದಾರೆಂದು ದೊಡ್ಡ ಗದ್ದಲವಾಯಿತು. ಕೋವ್ಯಾಕ್ಸಿನ್ ಅವಧಿಯನ್ನು 9 ತಿಂಗಳಿಂದ 12 ತಿಂಗಳಿಗೆ ಏರಿಸಲು ಔಷಧ ನಿಯಂತ್ರಣ ಸಂಸ್ಥೆಯು ಅಕ್ಟೋಬರ್ 2021ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಅಂಥ ಅಧಿಕೃತ ಆದೇಶ ಇದ್ದರೆ ತೋರಿಸಲಿ. ಇಲ್ಲವಾದರೆ ಆ ಸೀಸೆ ಬೇಡ ಎನ್ನಿ.

ದಿನಾಂಕ ಸರಿ ಇದ್ದರೂ ಲಸಿಕೆ ಕೆಟ್ಟಿರಬಹುದು, ಇದು ಅನೇಕರಿಗೆ ತಿಳಿಯದು. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ ಇಡಬೇಕು. ನಮ್ಮ ಮಂಗಳೂರಿನ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರು ಹೇಳಬಲ್ಲರು? ಸೆಕೆ ಆಗಬಾರದೆಂದು ಐಸಿನ ಮೇಲೆ ನೇರವಾಗಿ ಇಟ್ಟರೆ ಅದೂ ತಪ್ಪು. ಇದರಲ್ಲಿ ಅಲ್ಯೂಮಿನಿಯಂ ಲವಣ ಸೇರಿಸಿರುತ್ತಾರೆ. ಒಮ್ಮೆ ಹೆಪ್ಪುಗಟ್ಟಿದರೆ ಲಸಿಕೆ ಹಾಳಾದಂತೆಯೇ, ಕರಗಿಸಿ ಬಳಸುವಂತಿಲ್ಲ. ಮೆಡಿಕಲ್ ಶಾಪಿನಲ್ಲಿ ತಾವೇ ಕೊಂಡು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುವುದು ದಯವಿಟ್ಟು ಬೇಡ.

ಅವಧಿ ಮೀರಿದ್ದನ್ನು ಈಗಾಗಲೇ ಹಾಕಿದ್ದರೆ? ಆ ಡೋಸನ್ನು ಲೆಕ್ಕಕ್ಕೆ ಹಿಡಿಯದೆ, ಕಾರ್ಡು ತೋರಿಸಿ ಸರಿಯಾದ ಲಸಿಕೆ ಮತ್ತೊಮ್ಮೆ ಹಾಕಿಸಿ. ತಡ ಮಾಡುವುದು ಬೇಡ. ಆ ಹುಡುಗಿಗೂ ಹಾಗೆಯೇ ಮಾಡಿದೆವು. 9ರಿಂದ 14 ವರ್ಷದವರಿಗೆ 6 ತಿಂಗಳ ಅಂತರದಲ್ಲಿ 2 ಡೋಸ್ ಕೊಡುವ ಕ್ರಮವಿದೆ. ಒಂದೇ ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ 2022ರಲ್ಲಿ ಹೇಳಿತು. ಇದರ ಹಿಂದೆ ನಮ್ಮ ದೇಶದ ಕತೆಯೇ ಇದೆ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಈ ಲಸಿಕೆಯ ಯೋಜನೆ ನಡೆದಾಗ ಕೆಲವು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ತಂದೆತಾಯಿಯ ಒಪ್ಪಿಗೆ ಸರಿಯಾಗಿ ಪಡೆದಿರಲಿಲ್ಲ, ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಅದು ತಪ್ಪೇ. 2010ರಲ್ಲಿ ಲಸಿಕೆ ನಿಂತಿತು. ಬೇರೊಂದು ಅಧ್ಯಯನದಲ್ಲಿದ್ದ ಸಾವಿರಾರು ಹುಡುಗಿಯರಿಗೂ ಒಂದೇ ಡೋಸ್ ಸಿಕ್ಕಿ ಉಳಿದದ್ದು ತಪ್ಪಿತು. ವರ್ಷಗಳ ನಂತರ ಪರೀಕ್ಷಿಸಿದಾಗ ಆ ಒಂದು ಡೋಸೇ ಅವರನ್ನು ಕಾಪಾಡುತ್ತಿತ್ತು. ಹಾಗಿದ್ದ ಮೇಲೆ ಆ ಒಂದು ಡೋಸ್ ಗಟ್ಟಿಯಾಗಿರಲೇಬೇಕಲ್ಲವೇ?

ನಮ್ಮದೇ ದೇಶದ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಬಂದಿದೆ. ಸರ್ಕಾರದಿಂದ ಯಾವ ವಯಸ್ಸಿನವರಿಗೆ ಉಚಿತ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

ಇನ್ನು ಆ ತಾಯಿಯ ವಿಷಯ. ಮಗಳಿಗೆ ಲಸಿಕೆ ಹಾಕಿದ ಮೇಲೆ, “ನಿಮ್ಮ ಪರೀಕ್ಷೆ ಯಾವಾಗ ಆಗಿದೆ ಅಮ್ಮ?” ಎಂದು ಕೇಳಿದೆ. “ನನಗೆ ಎಂತದು ಡಾಕ್ಟ್ರೇ, ನನಗೆ ಏನೂ ಇಲ್ಲ” ಎಂದರು. ವಯಸ್ಸು 42. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಬಂತೆಂದು, ಸುಮಾರು 80,000 ಮಂದಿ ತೀರಿಕೊಂಡರೆಂದು ಅಂದಾಜು. ಅವರಲ್ಲಿ ಬಹಳ ಮಂದಿ “ನನಗೆ ಏನೂ ಇಲ್ಲ” ಎಂದುಕೊಂಡಿದ್ದವರೇ. ಮೊದಲ ಹಂತದಲ್ಲಿ ನೋವಿಲ್ಲ, ರಕ್ತವಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡಹೆಂಡಿರ ಸಂಪರ್ಕದ ನಂತರ ರಕ್ತ ಹೋದರೆ, ವಾಸನೆಯ ಬಿಳಿಸೆರಗು ಇದ್ದರೆ ಒಂದು ದಿನವೂ ಕಾಯಬೇಡಿ.

ಲಸಿಕೆ ಹಾಕಿಸಿಕೊಂಡವರಿಗೂ ಪರೀಕ್ಷೆ ತಪ್ಪುವುದಿಲ್ಲ. ಬಸವಕಲ್ಯಾಣದಿಂದ ಗಡಿ ದಾಟಿದರೆ ಸಿಗುವ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ಸುಮಾರು 1,31,000 ಹೆಂಗಸರ ಮೇಲೆ ಅಧ್ಯಯನ ನಡೆಯಿತು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹೊಲ ಗದ್ದೆಗಳಲ್ಲಿ ದುಡಿಯುವ, ನಮ್ಮಂಥದೇ ಹೆಂಗಸರು ಅವರು.

ಸರ್ಕಾರಿ ಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಸರಳ ಪರೀಕ್ಷೆ ಇದೆ. ವಿನೆಗರ್‌ನಂಥ ತಿಳಿ ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ನೋಡುತ್ತಾರೆ. ಬಿಳಿ ಮಚ್ಚೆ ಎದ್ದರೆ ಮುಂದಿನ ತಪಾಸಣೆ. ಕ್ಯಾನ್ಸರ್ ಆಗುವ ಮುಂಚಿನ ಹಂತವಾದರೆ ಸಣ್ಣ ಚಿಕಿತ್ಸೆಯಿಂದಲೇ ಗುಣವಾಗುತ್ತದೆ, ಗರ್ಭಕೋಶ ತೆಗೆಯಬೇಕೆಂದೇನೂ ಇಲ್ಲ.

ಆ ತಾಯಿ ಇನ್ನೂ ಬಂದಿಲ್ಲ. ಬೀಡಿ ಕೊಡುವ ದಿನ ಎಂದು ಎರಡು ಸಲ ಮುಂದೂಡಿದ್ದಾರೆ. ಕಳೆದ ವಾರ ಮಗಳಿಗೇ ಹೇಳಿ ಕಳುಹಿಸಿದ್ದೇನೆ, ಅಮ್ಮನನ್ನು ಈ ಸಲ ನೀನೇ ಕರೆದುಕೊಂಡು ಬಾ ಎಂದು. ತಾವೂ ಬರುವುದಾದರೆ ಮುಟ್ಟಿನ ದಿನಗಳನ್ನು ಬಿಟ್ಟು ಬನ್ನಿ. ಹೊಟ್ಟೆ ಖಾಲಿ ಇರಬೇಕಾಗಿಲ್ಲ, ತಿಂಡಿ ತಿಂದೇ ಬನ್ನಿ.