ಮೂರು ವರ್ಷದೊಳಗಿನ ಮಗು ಮತ್ತು ನಮ್ಮೂರ ಅಂಗನವಾಡಿ

(ಮೈಸೂರು ನಗರದ ಬನ್ನಿಮಂಟಪದಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸ)



ಬೀಜ, ಗೊಬ್ಬರ, ನೀರು ಮತ್ತು ಕೀಟಗಳ ಬಗ್ಗೆ ನೀವು ಬೆಳಗಿನಿಂದ ಸಾಕಷ್ಟು ಕೇಳಿದ್ದೀರಿ. ಈಗ ನಾನು ಹೇಳಹೊರಟಿರುವುದು ಮನೆಯ ಮಕ್ಕಳ ವಿಷಯ. ಇದು ಹೆಂಗಸರ ಮಾತೆಂದು ಗಂಡಸರು ಎದ್ದು ಹೋಗಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಹಣ ಎಲ್ಲಿ ಖರ್ಚಾಗಬೇಕು, ನಾಟಿಯ ದಿನ ಯಾರು ಗದ್ದೆಗೆ ಹೋಗಬೇಕು, ಯಾರು ಮನೆಯಲ್ಲಿ ಉಳಿಯಬೇಕು ಎಂಬುದನ್ನು ತೀರ್ಮಾನಿಸುವವರು ಹೆಚ್ಚಾಗಿ ನೀವೇ. ಆದ್ದರಿಂದ ಈ ಮಾತು ನಿಮಗೂ ಸೇರಿದ್ದು.

ನಾವೀಗ ಕುಳಿತಿರುವ ಬನ್ನಿಮಂಟಪವು ವಿಜಯದಶಮಿಯ ಮೆರವಣಿಗೆ ಬಂದು ಸೇರುವ ಸ್ಥಳ. ಇಲ್ಲಿಂದ ಹೆಚ್ಚು ದೂರವಿಲ್ಲದ, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿದೆ. ಭಾರತ ಸರ್ಕಾರವು 1974ರಲ್ಲಿ ಮಕ್ಕಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಅದರ ಮರು ವರ್ಷ, 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಟಿ. ನರಸೀಪುರ. ಅಲ್ಲಿ ತೆರೆದದ್ದು 100 ಅಂಗನವಾಡಿಗಳು. ಇಂದು ರಾಜ್ಯದ ಹಳ್ಳಿ ಹಳ್ಳಿಯಲ್ಲಿಯೂ ಅಂಗನವಾಡಿ ಇದೆಯೆಂದರೆ ಅದರ ಮೊದಲ ಸಸಿಮಡಿ ನಮ್ಮ ಮೈಸೂರು ಜಿಲ್ಲೆಯಲ್ಲಿಯೇ ಆಯಿತು.

ಅಂಗನವಾಡಿ ಎಂದರೆ ಉಪ್ಪಿಟ್ಟು ಮಾತ್ರವೆ?

ಅಂಗನವಾಡಿಯಲ್ಲಿ ಏನು ಕೊಡುತ್ತಾರೆಂದು ಕೇಳಿದರೆ ಉಪ್ಪಿಟ್ಟು, ಹಾಲು, ಮೊಟ್ಟೆ ಎಂದು ಜನ ಹೇಳುತ್ತಾರೆ. ಅದು ನಿಜವಾದರೂ ಪೂರ್ತಿ ಉತ್ತರವಲ್ಲ. ಯೋಜನೆಯು ಆರು ಸೇವೆಗಳನ್ನು ಒಟ್ಟಿಗೆ ಕೊಡಲೆಂದು ರೂಪಿತವಾಯಿತು:

1. ಪೂರಕ ಪೌಷ್ಟಿಕ ಆಹಾರ
2. ರೋಗನಿರೋಧಕ ಚುಚ್ಚುಮದ್ದು
3. ಆರೋಗ್ಯ ತಪಾಸಣೆ
4. ಕಾಯಿಲೆಯಾದ ಮಗುವನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವುದು
5. ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ
6. ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ

ಇವುಗಳಲ್ಲಿ ಊರವರ ಕಣ್ಣಿಗೆ ಬೀಳುವುದು ಆಹಾರ ಮತ್ತು ಶಾಲಾಪೂರ್ವ ಶಿಕ್ಷಣ. ಇವೆರಡನ್ನೂ ನಡೆದುಕೊಂಡು ಕೇಂದ್ರಕ್ಕೆ ಬರಬಲ್ಲ ಮೂರು ವರ್ಷ ದಾಟಿದ ಮಕ್ಕಳು ಪಡೆಯುತ್ತಾರೆ. ಮೂರು ವರ್ಷದೊಳಗಿನ ಮಗು ಮನೆಯಲ್ಲಿಯೇ ಇರುತ್ತದೆ. ಆದರೆ ಹೆಚ್ಚು ನಷ್ಟ ಆಗುವುದು ಆ ವಯಸ್ಸಿನಲ್ಲಿಯೇ.

ಒಣಗಿದ ಸಸಿಮಡಿಗೆ ಮೇಲುಗೊಬ್ಬರ

ನೀವು ಭತ್ತದ ಬೆಳೆಗಾರರು. ಸಸಿಮಡಿಯಲ್ಲಿ ನೀರಿಲ್ಲದೆ ಬಾಡಿದ ಪೈರನ್ನೋ ವಯಸ್ಸು ಮೀರಿದ ಪೈರನ್ನೋ ನಾಟಿ ಮಾಡಿ, ಆಮೇಲೆ ಎಷ್ಟು ಯೂರಿಯಾ ಎರಚಿದರೂ ತೆಂಡೆ ಒಡೆಯುವುದು ಕಡಿಮೆಯೇ. ಎಲೆ ಹಸಿರಾಗಬಹುದು, ಇಳುವರಿ ಬರುವುದಿಲ್ಲ. ಮಗುವಿನ ಬೆಳವಣಿಗೆಯೂ ಹೀಗೆಯೆ. ತಾಯಿಯ ಗರ್ಭದಲ್ಲಿರುವ ಕಾಲವೂ ಹುಟ್ಟಿದ ಮೇಲಿನ ಮೊದಲ ಎರಡು ವರ್ಷಗಳೂ ಸೇರಿ ಸುಮಾರು ಸಾವಿರ ದಿನಗಳು. ಮಿದುಳು ಮತ್ತು ಎತ್ತರ ಎರಡೂ ವೇಗವಾಗಿ ಬೆಳೆಯುವ ಕಾಲ ಅದು. ಆಗ ಕುಂಠಿತವಾದುದನ್ನು ಶಾಲೆಗೆ ಸೇರಿದ ಮೇಲೆ ತುಂಬಿಕೊಡುವುದು ಬಹಳ ಕಷ್ಟ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನೂರಕ್ಕೆ 32.9 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ಆರು ತಿಂಗಳಿಂದ ಐದು ವರ್ಷದವರಲ್ಲಿ ರಕ್ತಹೀನತೆ ಇದ್ದವರು ನೂರಕ್ಕೆ 65.5. ರಾಗಿ, ಅವರೆ, ಹುರುಳಿ, ಹಾಲು ಎಲ್ಲವನ್ನೂ ಬೆಳೆದು ಉತ್ಪಾದಿಸುವ ರಾಜ್ಯದ ಲೆಕ್ಕವಿದು. ಕಣಜದಲ್ಲಿ ಧಾನ್ಯವಿದ್ದರೂ ಮಗುವಿನ ಬಾಯಿಗೆ ಸರಿಯಾದ ವಯಸ್ಸಿನಲ್ಲಿ, ಸರಿಯಾದ ರೂಪದಲ್ಲಿ ಅದು ತಲುಪುತ್ತಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ತೂಕದ ಗೆರೆಯನ್ನು ಓದಿ

ಬೆಳೆ ಹಳದಿಯಾದರೆ ನೀವು ಅದೇ ದಿನ ಗುರುತಿಸುತ್ತೀರಿ. ಮಗು ಸೊರಗುವುದು ಹಾಗೆ ಬೇಗ ಕಾಣಿಸುವುದಿಲ್ಲ. ದಿನವೂ ನೋಡುವ ಕಣ್ಣಿಗೆ ಅದು ‘ನಮ್ಮ ವಂಶದವರೇ ಸಣ್ಣ’ ಎಂದು ತೋರುತ್ತದೆ. ಆದುದರಿಂದಲೇ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಗುವನ್ನು ತೂಗಿ ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಬೇಕೆಂದು ನಿಯಮ ಮಾಡಲಾಗಿದೆ.

ಹುಟ್ಟಿದಾಗ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. ಆರೋಗ್ಯವಂತ ಮಗು ಸುಮಾರು ಐದು ತಿಂಗಳಿಗೆ ಹುಟ್ಟಿದಾಗಿನ ತೂಕದ ಎರಡರಷ್ಟೂ ಒಂದು ವರ್ಷಕ್ಕೆ ಮೂರರಷ್ಟೂ ಆಗುತ್ತದೆ. ನಕ್ಷೆಯಲ್ಲಿ ಗುರುತು ಎಲ್ಲಿದೆ ಎಂಬುದರ ಜೊತೆಗೆ ಗೆರೆ ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನೂ ಗಮನಿಸಬೇಕು. ಗೆರೆ ಮೇಲಕ್ಕೆ ಏರುತ್ತಿದ್ದರೆ ಒಳ್ಳೆಯದು. ಎರಡು ತಿಂಗಳು ಅಡ್ಡಲಾಗಿ ನಿಂತರೆ ಎಚ್ಚರ ವಹಿಸಬೇಕು. ಕೆಳಗಿಳಿದರೆ ಆ ವಾರವೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಆರು ತಿಂಗಳಿಂದ ಐದು ವರ್ಷದವರ ಮೇಲ್ತೋಳಿನ ಸುತ್ತಳತೆಯನ್ನು ಪಟ್ಟಿಯಿಂದ ಅಳೆಯುವ ಪದ್ಧತಿಯೂ ಇದೆ. ಅದು 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೊರತೆ, 11.5ಕ್ಕಿಂತ ಕಡಿಮೆಯಾದರೆ ತೀವ್ರ ಕೊರತೆ. ತೀವ್ರ ಕೊರತೆಯ ಜೊತೆಗೆ ಕಾಯಿಲೆಯೂ ಇರುವ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿಯೊಂದಿಗೆ ಇರಿಸಿಕೊಂಡು ಚಿಕಿತ್ಸೆ ನೀಡುತ್ತಾರೆ. ತಾಯಿ ಕಳೆದುಕೊಳ್ಳುವ ಕೂಲಿಗೆ ಪರಿಹಾರವನ್ನೂ ಕೊಡುವ ವ್ಯವಸ್ಥೆಯಿದೆ. ಆದರೂ ‘ನಾಟಿ ಮುಗಿಯಲಿ, ಕಟಾವು ಆಗಲಿ’ ಎಂದು ಮುಂದೂಡುವ ಮನೆಗಳುಂಟು. ಕಟಾವನ್ನು ಒಂದು ವಾರ ತಡೆದರೂ ತಡೆಯಬಹುದು, ಅಂಥ ಮಗುವಿಗೆ ಒಂದು ವಾರದ ತಡವೂ ಅಪಾಯ.

ಪೊಟ್ಟಣ ಯಾರ ಹೊಟ್ಟೆಗೆ?

ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ಮನೆಗೆ ಒಯ್ಯುವ ಆಹಾರ ಕೊಡಬೇಕೆಂಬುದು ಈಗ ಕಾನೂನು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅಂಥ ಮಗುವಿಗೆ ದಿನಕ್ಕೆ 500 ಕಿಲೋಕ್ಯಾಲರಿ ಶಕ್ತಿಯನ್ನೂ 12ರಿಂದ 15 ಗ್ರಾಂ ಸಸಾರಜನಕವನ್ನೂ ನಿಗದಿಪಡಿಸಿತು. ಇದು ಮನೆಯ ಊಟದ ಬದಲಿಗೆ ಕೊಡುವುದಲ್ಲ, ಅದರ ಮೇಲೆ ಸೇರಿಸುವುದು. ಪೊಟ್ಟಣದ ಹಿಟ್ಟು ಮನೆ ಮಂದಿಗೆಲ್ಲ ಹಂಚಿಹೋದರೆ, ಅಥವಾ ರುಚಿಯಿಲ್ಲವೆಂದು ಕರುವಿನ ಪಾಲಾದರೆ, ಸರ್ಕಾರದ ಲೆಕ್ಕದಲ್ಲಿ ಮಗು ಉಂಡಂತೆ, ಮನೆಯಲ್ಲಿ ಹಸಿದಂತೆ. ಹಿಟ್ಟು ಕೆಟ್ಟಿದ್ದರೆ ಹಿಂದಿರುಗಿಸಿ ಕೇಳಿ, ಚೆನ್ನಾಗಿದ್ದರೆ ಮಗುವಿಗೇ ಮೀಸಲಿಡಿ.

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಹಾಲಿನ ಜೊತೆಗೆ ಮೇಲುಣಿಸು ಬೇಕು. ತಿಳಿಗಂಜಿ ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈ ತುಂಬಿಸುವುದಿಲ್ಲ. ಮನೆಯಲ್ಲಿಯೇ ಹೀಗೆ ಮಾಡಿಕೊಳ್ಳಬಹುದು: ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿ ಜರಡಿ ಹಿಡಿಯಿರಿ. ಮೂರು ಪಾಲು ರಾಗಿಹಿಟ್ಟಿಗೆ ಒಂದು ಪಾಲು ಹುರಿದ ಹೆಸರುಬೇಳೆಯ ಹಿಟ್ಟನ್ನು ಬೆರೆಸಿಡಿ. ಮೊಳಕೆ ಬಂದ ರಾಗಿಯ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಆದುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗುವಿನ ಚಿಕ್ಕ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಚೆನ್ನಾಗಿ ಬೇಯಿಸಿ, ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಸೇರಿಸಿ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ಅನಂತರ ಮೂರು ನಾಲ್ಕು ಬಾರಿ ತಿನ್ನಿಸಬೇಕು. ಸೊಪ್ಪು, ಬೇಳೆ, ಮೊಟ್ಟೆಯ ಹಳದಿ, ಪರಂಗಿ ಹಣ್ಣುಗಳನ್ನು ಒಂದೊಂದಾಗಿ ರೂಢಿ ಮಾಡಿಸಿರಿ.

ಸುಗ್ಗಿಯಲ್ಲಿ ಮಗುವನ್ನು ಯಾರು ನೋಡಿಕೊಳ್ಳಬೇಕು?

ದಿನಕ್ಕೆ ನಾಲ್ಕು ಬಾರಿ ತಿನ್ನಿಸಿ ಎಂದು ಹೇಳುವುದು ಸುಲಭ. ನಾಟಿ, ಕಳೆ, ಕಟಾವಿನ ಕಾಲದಲ್ಲಿ ತಾಯಿ ಬೆಳಿಗ್ಗೆ ಹೋದರೆ ಮನೆಗೆ ಬರುವುದು ಸಂಜೆ. ಆಗ ಮಗು ಮುದುಕಿಯ ಕೈಗೆ ಅಥವಾ ಹತ್ತು ಹನ್ನೆರಡು ವರ್ಷದ ಅಕ್ಕನ ಸೊಂಟಕ್ಕೆ ಬರುತ್ತದೆ. ಅಕ್ಕನಿಗೆ ಶಾಲೆ ತಪ್ಪುತ್ತದೆ, ತಮ್ಮನಿಗೆ ಊಟ ತಪ್ಪುತ್ತದೆ. ಹೀಗೆ ಒಂದೇ ಸುಗ್ಗಿಯಲ್ಲಿ ಇಬ್ಬರು ಮಕ್ಕಳಿಗೆ ನಷ್ಟ.

ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಹಕ್ಕಾಗಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಮಗುವನ್ನು ಹೊತ್ತ ಹುಡುಗಿಗೆ ಆ ಹಕ್ಕು ಕೈಗೆ ಸಿಗುವುದಿಲ್ಲ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆ ಹಾಕಿತು. ನಿಮ್ಮ ಪಂಚಾಯಿತಿಯಲ್ಲಿ ಅದಿದೆಯೆ, ಸುಗ್ಗಿಯ ದಿನಗಳಲ್ಲಿ ಬಾಗಿಲು ತೆರೆದಿರುತ್ತದೆಯೆ ಎಂದು ವಿಚಾರಿಸಿ. ಇಲ್ಲದಿದ್ದರೆ ನಾಲ್ಕೈದು ಮನೆಯವರು ಸೇರಿ, ಸರದಿಯಂತೆ ಒಬ್ಬ ಹಿರಿಯರನ್ನು ಮಕ್ಕಳ ಬಳಿ ಬಿಡಬಹುದು. ಮುಯ್ಯಾಳು ಪದ್ಧತಿ ನಮಗೆ ಹೊಸದಲ್ಲ. ಗದ್ದೆಗೆ ಮುಯ್ಯಾಳು ಇರುವಂತೆ ತೊಟ್ಟಿಲಿಗೂ ಇರಲಿ.

ಈ ಅಕ್ಕನ ಮಾತು ಇಲ್ಲಿಗೆ ಮುಗಿಯಲಿಲ್ಲ. ಶಾಲೆ ಬಿಟ್ಟ ಹುಡುಗಿಗೆ ಮದುವೆಯ ಮಾತು ಬೇಗ ಬರುತ್ತದೆ. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. ಈಗ ಹುಡುಗಿಗೆ 18 ತುಂಬಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಆದರೂ ಮೇಲೆ ಹೇಳಿದ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇನ್ನೂ ಬೆಳೆಯುತ್ತಿರುವ, ರಕ್ತವಿಲ್ಲದ ಹುಡುಗಿ ಬಸಿರಾದರೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಹೀಗೆ ತೂಕದ ಕೊರತೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುತ್ತದೆ. ಇಂಥ ಮದುವೆಯ ಸುದ್ದಿ ತಿಳಿದರೆ 1098 ಸಂಖ್ಯೆಗೆ ದೂರವಾಣಿ ಮಾಡಿ ತಿಳಿಸಬಹುದು.

ತಾಯಿಗೆ ಸಿಗಬೇಕಾದುದು

ಬಸುರಿಯ ಹೆಸರನ್ನು ಮೊದಲ ಮೂರು ತಿಂಗಳಲ್ಲಿಯೇ ಅಂಗನವಾಡಿಯಲ್ಲಿಯೂ ಆರೋಗ್ಯ ಕಾರ್ಯಕರ್ತೆಯ ಬಳಿಯೂ ಬರೆಸಿ, ತಾಯಿ ಕಾರ್ಡ್ ಪಡೆಯಿರಿ. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಆರಂಭವಾಯಿತು. ಬಾಣಂತಿ ಹೊಸಿಲು ದಾಟಬಾರದೆಂಬ ರೂಢಿಯಿಂದಲೂ ದೂರ ನಡೆಯಬೇಕಾದ ಕಷ್ಟದಿಂದಲೂ ಅನೇಕ ತಾಯಂದಿರು ಇದರಿಂದ ವಂಚಿತರಾಗುತ್ತಾರೆ. ಸೊಸೆಯನ್ನು ಊಟಕ್ಕೆ ಕಳುಹಿಸುವ ಅತ್ತೆಯೇ ಮೊಮ್ಮಗುವಿನ ತೂಕ ಹೆಚ್ಚಿಸುವವಳು.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಿಗೆ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000 ರೂಪಾಯಿ ಸಿಗುತ್ತದೆ. 2023ರ ಆಗಸ್ಟ್ 30ರಂದು ಇದೇ ಮೈಸೂರಿನಲ್ಲಿ ಉದ್ಘಾಟನೆಯಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ನಿಗದಿ ಮಾಡಿತು. ಇಂಥ ಹಣ ಕೈಸೇರಿದಾಗ ಅದರ ಒಂದು ಪಾಲನ್ನು ಮೊಟ್ಟೆ, ಬೇಳೆ, ಹಾಲಿಗೆ ಮೀಸಲಿಟ್ಟರೆ ಅದೂ ಒಂದು ಬಿತ್ತನೆಯೆ.

ಕೇಳುವುದು ಹೇಗೆ?

ಸೇವೆ ಸರಿಯಾಗಿ ಸಿಗದಿದ್ದರೆ ಕಟ್ಟೆಯ ಮೇಲೆ ಕುಳಿತು ಬೈಯುವುದರಿಂದ ಪ್ರಯೋಜನವಿಲ್ಲ. ಅಂಗನವಾಡಿ ಕಾರ್ಯಕರ್ತೆ ಗೌರವಧನದ ಮೇಲೆ ದುಡಿಯುವವಳು. ಅಡುಗೆ, ಪಾಠ, ತೂಕ, ಮನೆಭೇಟಿ, ಸಮೀಕ್ಷೆ ಎಲ್ಲವೂ ಅವಳ ಮೇಲಿವೆ. ಮೊದಲು ಅವಳೊಂದಿಗೆ ಮಾತನಾಡಿ. ತಕ್ಕಡಿ ಕೆಟ್ಟಿದ್ದರೆ, ಪೊಟ್ಟಣ ಬರದಿದ್ದರೆ, ಅವಳೂ ಅದನ್ನೇ ಬಯಸುತ್ತಿರುತ್ತಾಳೆ. ಅನಂತರ ಬಾಲವಿಕಾಸ ಸಮಿತಿ, ಮೇಲ್ವಿಚಾರಕಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಹೀಗೆ ಕ್ರಮವಾಗಿ ಬರವಣಿಗೆಯಲ್ಲಿ ಕೇಳಿ. ಗ್ರಾಮಸಭೆಯಲ್ಲಿ ಚರಂಡಿ, ರಸ್ತೆಗಳ ಜೊತೆಗೆ ‘ನಮ್ಮೂರಿನ ಎಷ್ಟು ಮಕ್ಕಳ ತೂಕ ಕಡಿಮೆಯಿದೆ?’ ಎಂಬ ಪ್ರಶ್ನೆಯನ್ನೂ ಎತ್ತಿ. ಅಂಗನವಾಡಿಯೇ ಇಲ್ಲದ ಹಾಡಿ, ಕೇರಿ, ತೋಟದ ವಸತಿಗಳಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್‌ನಲ್ಲಿ ಆದೇಶಿಸಿತು.

ವಿಸ್ತರಣಾ ಮಿತ್ರರಲ್ಲಿ ಒಂದು ಮಾತು. ಕ್ಷೇತ್ರೋತ್ಸವಕ್ಕೆ ಅಂಗನವಾಡಿ ಕಾರ್ಯಕರ್ತೆಯನ್ನೂ ಆಹ್ವಾನಿಸಿ. ಅಂಗನವಾಡಿಯ ಹಿತ್ತಿಲಿಗೆ ನುಗ್ಗೆ, ಪರಂಗಿ, ಕರಿಬೇವು, ಸೊಪ್ಪಿನ ಬೀಜಗಳನ್ನು ಒದಗಿಸಿ, ಪಾತಿ ಮಾಡಿ ತೋರಿಸಿ. ಬೆಳೆ ಯೋಜನೆ ಬರೆಯುವಾಗ ಮಾರಾಟದ ಬೆಳೆಯ ಪಕ್ಕದಲ್ಲಿ ಮನೆಗೆಂದು ಎರಡು ಸಾಲು ಅವರೆ, ಅಲಸಂದೆಗೂ ಜಾಗ ಬಿಡಿಸಿ.

ರೈತ ಬಾಂಧವರೆ, ಈ ಸಭೆಯಿಂದ ಊರಿಗೆ ಹೋದ ಮೇಲೆ ಮಾಡಬೇಕಾದ ಮೊದಲ ಕೆಲಸ ಚಿಕ್ಕದು. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಅದರ ತಾಯಿ ಕಾರ್ಡನ್ನು ತೆಗೆದು ನೋಡಿ. ಕಳೆದ ಮೂರು ತಿಂಗಳ ತೂಕ ಬರೆದಿದೆಯೆ? ಗೆರೆ ಮೇಲಕ್ಕೆ ಹೋಗಿದೆಯೆ? ಬರೆದಿರದಿದ್ದರೆ ಮರುದಿನ ಬೆಳಿಗ್ಗೆ ಗದ್ದೆಗೆ ಹೋಗುವ ಮೊದಲು ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೋಗಿ. ಎತ್ತಿಕೊಂಡು ಹೋಗುವವರು ತಂದೆಯಾದರೆ ಇನ್ನೂ ಸಂತೋಷ.